ಪುಟ್ಟ ಸ್ಪೋರ್ಟ್ಸ್ ಕಾರಲ್ಲಿ ನಾರ್ವೆವರೆಗೆ: ಹೊರಡುವ ಮುಂಚೆ ಓದಿಕೊಳ್ಳಿ

ಬೇಸಿಗೆ ಹತ್ತಿರ ಬಂತು ಅಂದರೆ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತದೆ. ಜರ್ಮನಿ, ನೆದರ್ಲ್ಯಾಂಡ್ಸ್ ಕಡೆ ಇರುವ ಕನ್ನಡದವರು ಕೇಳುವುದು: "ನಮ್ಮದು ಎರಡೇ ಸೀಟಿನ ಕಾರು. ಇದರಲ್ಲಿ ನಾರ್ವೆಗೆ ಹೋಗಿ ಬರಬಹುದಾ?" ಬೆಂಗಳೂರಿನಿಂದ ಬರುವವರು ಕೇಳುವುದು: "ಅಲ್ಲೇ ಟಾಪ್ ತೆಗೆಯುವ ಕಾರು ಬಾಡಿಗೆಗೆ ಸಿಗುತ್ತದಲ್ಲ, ನಮ್ಮ ಡಿಎಲ್ ನಡೆಯುತ್ತದಾ?" ಎರಡಕ್ಕೂ ಹೌದು ಎನ್ನಬಹುದು. ಆದರೆ ಈ ಕಾರುಗಳ ಡಿಕ್ಕಿ ಚಿಕ್ಕದು, ತಳ ನೆಲಕ್ಕೆ ಹತ್ತಿರ, ಸ್ಟೆಪ್ನಿ ಇರುವುದಿಲ್ಲ, ತಲೆಯ ಮೇಲೆ ಬರೀ ಬಟ್ಟೆ. ಈ ನಾಲ್ಕನ್ನೂ ಮೊದಲೇ ಒಪ್ಪಿಕೊಂಡು ಯೋಜನೆ ಹಾಕಿದರೆ ಪ್ರಯಾಣ ಆರಾಮ. ದೊಡ್ಡ ಕಾರಿಗೆ ಹಾಕಿದ ಯೋಜನೆಯನ್ನೇ ಇದಕ್ಕೂ ಹೊಂದಿಸಲು ಹೋದರೆ ಮೂರನೇ ದಿನಕ್ಕೆ ಗಂಡ ಹೆಂಡತಿ ಮಾತು ಬಿಡುತ್ತಾರೆ.

ಇಲ್ಲಿನ ಲೆಕ್ಕವೆಲ್ಲ ಮಜ್ದಾ ಎಂಎಕ್ಸ್-5 ಕಾರನ್ನು ಇಟ್ಟುಕೊಂಡು ಹಾಕಿದ್ದು. ಯುರೋಪಿನಲ್ಲಿ ಹಳೆಯದಾಗಿಯೂ ಬಾಡಿಗೆಗೂ ಸುಲಭವಾಗಿ ಸಿಗುವ ಎರಡು ಸೀಟಿನ ಕಾರು ಅದೇ. ಬೇರೆ ಕಾರಿದ್ದರೂ ಹೆಚ್ಚುಕಮ್ಮಿ ಇದೇ ಮಾತು ನಡೆಯುತ್ತದೆ. ದಾರಿ ಹೀಗಿದೆ: ಹ್ಯಾಂಬರ್ಗ್‌ನಿಂದ ಡೆನ್ಮಾರ್ಕ್, ಅಲ್ಲಿಂದ ಸ್ವೀಡನ್‌ನ ಪಶ್ಚಿಮ ಕರಾವಳಿ, ಓಸ್ಲೊ, ನಾರ್ವೆಯ ಫಿಯಾರ್ಡ್‌ಗಳು, ಕೊನೆಗೆ ಓಸ್ಲೊದಿಂದ ಹಡಗು ಹತ್ತಿ ಜರ್ಮನಿಯ ಕೀಲ್. ಫಿಯಾರ್ಡ್ ಅಂದರೆ ಬೆಟ್ಟಗಳ ನಡುವೆ ದೂರದವರೆಗೆ ಒಳಗೆ ಚಾಚಿದ ಸಮುದ್ರ. ಇದಕ್ಕೆಲ್ಲ ಮೂರು ವಾರ ಇಟ್ಟುಕೊಳ್ಳಿ. ಎರಡೇ ವಾರ ಇದ್ದರೆ ದಾರಿಯನ್ನು ಮೊಟಕು ಮಾಡಿ, ವೇಗ ಹೆಚ್ಚಿಸಬೇಡಿ. ನಾರ್ವೆಯ ಉತ್ತರ ತುದಿಯ ನಾರ್ತ್ ಕೇಪ್ ಮುಟ್ಟಿ ಬರಲೇಬೇಕು ಎನ್ನುವವರಿಗೆ ಈ ಲೇಖನ ಅಲ್ಲ.

1. ಯಾವಾಗ ಹೋಗಬೇಕು

ಜೂನ್ ನಡುವಿನಿಂದ ಆಗಸ್ಟ್ ಕೊನೆವರೆಗೆ. ನಾರ್ವೆಯ ಎತ್ತರದ ಘಾಟಿ ರಸ್ತೆಗಳು ಚಳಿಗಾಲದಲ್ಲಿ ಹಿಮದಿಂದ ಮುಚ್ಚಿರುತ್ತವೆ. ಕೆಲವು ಮೇ ತಿಂಗಳಲ್ಲಿ ತೆರೆದರೆ ಕೆಲವಕ್ಕೆ ಜೂನ್ ಬೇಕು. ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಹಗುರ ಕಾರನ್ನು ಹಿಮದ ಮೇಲೆ ಓಡಿಸುವ ಆಸೆ ಇಟ್ಟುಕೊಳ್ಳಬೇಡಿ.

ನನ್ನನ್ನು ಕೇಳಿದರೆ ಆಗಸ್ಟ್ ಎರಡನೇ ವಾರದ ನಂತರ ಒಳ್ಳೆಯದು. ಜುಲೈ ಪೂರ್ತಿ ನಾರ್ವೆಯವರೇ ರಜೆಯಲ್ಲಿರುತ್ತಾರೆ. ರೂಮು ತುಟ್ಟಿ, ಕಿರಿದಾದ ರಸ್ತೆಯಲ್ಲಿ ಸಾಲು ಸಾಲು ಕ್ಯಾಂಪರ್ ವ್ಯಾನ್. ಜೂನ್ ಕೊನೆಗೆ ಹೋಗುವವರು ಸ್ವೀಡನ್‌ನ ಮಿಡ್‌ಸೊಮ್ಮರ್ ಹಬ್ಬ ನೋಡಿಕೊಳ್ಳಿ. ಅದು ಜೂನ್ 19ರಿಂದ 25ರೊಳಗಿನ ಶುಕ್ರವಾರ. ಅವತ್ತು ಅರ್ಧ ದೇಶವೇ ಊರು ಬಿಟ್ಟು ಹೊರಡುತ್ತದೆ, ಅಂಗಡಿಗಳೂ ಬೇಗ ಬಾಗಿಲು ಹಾಕುತ್ತವೆ.

2. ಕಾಗದಪತ್ರ

ಜರ್ಮನಿ, ಡೆನ್ಮಾರ್ಕ್, ಸ್ವೀಡನ್, ನಾರ್ವೆ ನಾಲ್ಕೂ ಷೆಂಗೆನ್ ದೇಶಗಳು. ಒಂದೇ ವೀಸಾ ಸಾಕು. ಆದರೆ ಗಡಿಯಲ್ಲಿ ಯಾರೂ ಕೇಳುವುದಿಲ್ಲ ಎಂದುಕೊಂಡು ಪಾಸ್‌ಪೋರ್ಟ್ ಮನೆಯಲ್ಲಿ ಬಿಟ್ಟು ಹೋಗುವವರಿದ್ದಾರೆ. ಡೆನ್ಮಾರ್ಕ್–ಜರ್ಮನಿ ಗಡಿಯಲ್ಲೂ ಸ್ವೀಡನ್ ಸೇತುವೆಯ ಬಳಿಯೂ ಕೆಲವು ವರ್ಷಗಳಿಂದ ತಪಾಸಣೆ ಇದೆ. ಪಾಸ್‌ಪೋರ್ಟ್ ಮತ್ತು ರೆಸಿಡೆನ್ಸ್ ಕಾರ್ಡ್ ಎರಡೂ ಕೈಗೆಟಕುವ ಹಾಗಿರಲಿ, ಡಿಕ್ಕಿಯ ತಳದಲ್ಲಿ ಬೇಡ.

ಲೈಸೆನ್ಸ್ ವಿಷಯದಲ್ಲಿ ಗೊಂದಲ ಜಾಸ್ತಿ. ಜರ್ಮನಿಗೆ ವಾಸಕ್ಕೆ ಬಂದವರ ಭಾರತದ ಡಿಎಲ್ ಅಲ್ಲಿ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಜರ್ಮನ್ ಲೈಸೆನ್ಸ್ ಬೇಕೇ ಬೇಕು. ಪ್ರವಾಸಕ್ಕೆ ಬರುವವರು ಊರಲ್ಲೇ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ನಿಮ್ಮ ಆರ್‌ಟಿಒದಲ್ಲೇ ಸಿಗುತ್ತದೆ, ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು, ಅವಧಿ ಒಂದು ವರ್ಷ. ಅದು ಡಿಎಲ್‌ಗೆ ಜೊತೆ ಅಷ್ಟೇ, ಬದಲಿ ಅಲ್ಲ. ಎರಡೂ ಇಟ್ಟುಕೊಳ್ಳಬೇಕು.

ಬಾಡಿಗೆ ಕಾರಾದರೆ ಸಹಿ ಹಾಕುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ನಾರ್ವೆಗೆ ಒಯ್ಯಲು ಅನುಮತಿ ಇದೆಯಾ? ಅದು ಐರೋಪ್ಯ ಒಕ್ಕೂಟದ ದೇಶವಲ್ಲ. ಕಾರನ್ನು ಹಡಗಿಗೆ ಹತ್ತಿಸಬಹುದಾ? ದಿನಕ್ಕೆ ಎಷ್ಟು ಕಿ.ಮೀ. ಉಚಿತ? ಸ್ಪೋರ್ಟ್ಸ್ ಕಾರುಗಳಿಗೆ ಈ ಮಿತಿ ಕಡಿಮೆ ಇಟ್ಟಿರುತ್ತಾರೆ, ಮೀರಿದ ಪ್ರತಿ ಕಿಲೋಮೀಟರಿಗೂ ದುಡ್ಡು. ಓಡಿಸುವವರ ವಯಸ್ಸು ಕನಿಷ್ಠ ಎಷ್ಟಿರಬೇಕು? ಸಾಮಾನ್ಯ ಕಾರಿಗೆ 21 ಸಾಕಾಗಿದ್ದರೂ ಇದಕ್ಕೆ 25 ಕೇಳುವುದುಂಟು. ಉತ್ತರಗಳು ಬಾಯಿಮಾತಲ್ಲಿ ಬೇಡ, ಬರಹದಲ್ಲಿ ತಗೊಳ್ಳಿ.

ಬಲಬದಿಯಲ್ಲಿ ಓಡಿಸಿ ಗೊತ್ತೇ ಇಲ್ಲದವರು ಮೊದಲ ಎರಡು ದಿನ ಹ್ಯಾಂಬರ್ಗ್ ಸುತ್ತಲಿನ ಹಳ್ಳಿ ರಸ್ತೆಗಳಲ್ಲಿ ಕೈ ಪಳಗಿಸಿಕೊಳ್ಳಿ. ಕೋಪನ್‌ಹೇಗನ್‌ನಲ್ಲಿ ಶುರು ಮಾಡಬೇಡಿ.

3. ಕಾರನ್ನು ಸಿದ್ಧ ಮಾಡುವುದು

ಮೊದಲು ಟೈರ್. ಈ ಕಾರಿಗೆ ಸ್ಟೆಪ್ನಿ ಇಲ್ಲ. ಬದಲಿಗೆ ಒಂದು ಬಾಟಲಿ ಅಂಟು ಮತ್ತು ಗಾಳಿ ತುಂಬುವ ಪುಟ್ಟ ಪಂಪ್ ಇರುತ್ತದೆ. ಮೊಳೆ ಚುಚ್ಚಿದ ಪಂಕ್ಚರ್‌ಗೆ ಅದು ಸಾಕು, ಟೈರಿನ ಪಕ್ಕ ಹರಿದರೆ ಪ್ರಯೋಜನವಿಲ್ಲ. ಆ ಅಂಟಿಗೆ ಮುಗಿಯುವ ದಿನಾಂಕ ಇರುತ್ತದೆ, ಹೊರಡುವ ಮೊದಲು ನೋಡಿ. ಟೈರ್ ಅರ್ಧ ಸವೆದಿದ್ದರೆ ಊರಲ್ಲೇ ಬದಲಿಸಿ. ಫಿಯಾರ್ಡ್ ಪಕ್ಕದ ಪುಟ್ಟ ಊರಿನ ಗ್ಯಾರೇಜಿನಲ್ಲಿ ನಿಮ್ಮ ಅಳತೆಯ ಟೈರ್ ಇಟ್ಟುಕೊಂಡು ಯಾರೂ ಕಾಯುತ್ತಿರುವುದಿಲ್ಲ. ಇಬ್ಬರು ಕೂತು ಡಿಕ್ಕಿ ತುಂಬಿದ ಮೇಲೆ ಬಾಗಿಲ ಬದಿಯ ಚೀಟಿಯಲ್ಲಿರುವ ಅಳತೆಗೆ ಗಾಳಿ ಹಿಡಿಸಿ.

ಎಂಜಿನ್ ಆಯಿಲ್, ಬ್ರೇಕ್ ಪ್ಯಾಡ್ ನೋಡಿಸಿ. ಮುಂದೆ ಸಿಗುವುದೆಲ್ಲ ಉದ್ದುದ್ದ ಇಳಿಜಾರು.

ಬಟ್ಟೆಯ ಟಾಪ್ ಇದ್ದರೆ ಹೊರಡುವ ಒಂದು ವಾರ ಮೊದಲು ತೊಳೆದು, ಒಣಗಿಸಿ, ನೀರು ತಡೆಯುವ ದ್ರಾವಣ ಬಳಿಯಿರಿ. ಟಾಪ್‌ನಿಂದ ಇಳಿಯುವ ನೀರು ಹೊರಗೆ ಹೋಗಲು ಸೀಟಿನ ಹಿಂದೆ ಎರಡೂ ಬದಿ ಸಣ್ಣ ಕೊಳವೆಗಳಿವೆ. ಅವುಗಳಲ್ಲಿ ಎಲೆ, ಮಣ್ಣು ಕಟ್ಟಿದ್ದರೆ ನೀರು ಕಾರಿನೊಳಗೇ ನಿಲ್ಲುತ್ತದೆ. ಒಂದು ಲೋಟ ನೀರು ಹಾಕಿ, ಕೆಳಗಿನಿಂದ ಹರಿದು ಹೋಗುತ್ತದಾ ನೋಡಿ. ಬರ್ಗೆನ್ ಸುತ್ತಮುತ್ತ ವರ್ಷದಲ್ಲಿ 200ಕ್ಕೂ ಜಾಸ್ತಿ ದಿನ ಮಳೆ. ಈ ಪರೀಕ್ಷೆ ಮನೆ ಮುಂದೆಯೇ ಆಗಲಿ.

ಜರ್ಮನಿಯ ಕಾರಿನಲ್ಲಿ ಹೇಗಿದ್ದರೂ ಇರಬೇಕಾದ ಎಚ್ಚರಿಕೆ ತ್ರಿಕೋನ, ಹೊಳೆಯುವ ಜಾಕೆಟ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಈ ಮೂರೂ ಇರಲಿ. ಜಾಕೆಟ್ ಇಬ್ಬರಿಗೂ ಬೇಕು, ಅದನ್ನು ಸೀಟಿನ ಹಿಂದೆ ಇಡಿ. ದಾರಿಯಲ್ಲಿ ಕಾರು ಕೆಟ್ಟರೆ ನೆರವಿಗೆ ಬರುವ ಜರ್ಮನಿಯ ಎಡಿಎಸಿ ಸಂಘದ ಸದಸ್ಯರಾಗಿದ್ದರೆ ನಿಮ್ಮದು ಯುರೋಪ್ ಪೂರ್ತಿಗೆ ಅನ್ವಯಿಸುವ ಪ್ಲಸ್ ಸದಸ್ಯತ್ವವಾ ಎಂದು ಖಚಿತ ಮಾಡಿಕೊಳ್ಳಿ.

4. ಡಿಕ್ಕಿ ತುಂಬುವುದು

ಈಗಿನ ಎಂಎಕ್ಸ್-5 ಡಿಕ್ಕಿ ಸುಮಾರು 130 ಲೀಟರ್. ವಿಮಾನದಲ್ಲಿ ಕೈಯಲ್ಲಿ ಒಯ್ಯುವ ಅಳತೆಯ ಎರಡು ಬ್ಯಾಗು, ಮೂಲೆಗಳಲ್ಲಿ ಇನ್ನೊಂದಷ್ಟು ಚಿಲ್ಲರೆ ಸಾಮಾನು. ಅಷ್ಟೇ. ಡಿಕ್ಕಿ ಆಳವಿದೆ, ಬಾಯಿ ಚಿಕ್ಕದು. ಗಟ್ಟಿ ಸೂಟ್‌ಕೇಸ್ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಮೆತ್ತಗಿನ ಬಟ್ಟೆ ಬ್ಯಾಗುಗಳನ್ನೇ ತಗೊಳ್ಳಿ, ಒಂದು ದೊಡ್ಡದಕ್ಕಿಂತ ನಾಲ್ಕು ಸಣ್ಣವು ಮೇಲು. ಸಂಧಿಗೊಂದಿಯಲ್ಲೆಲ್ಲ ತುರುಕಬಹುದು. ಒಂದು ಸಮಾಧಾನ ಎಂದರೆ ಈ ಕಾರಿನ ಟಾಪ್ ಸೀಟಿನ ಹಿಂದೆ ಮಡಚಿಕೊಳ್ಳುತ್ತದೆ, ಡಿಕ್ಕಿಯ ಜಾಗ ತಿನ್ನುವುದಿಲ್ಲ. ಗಟ್ಟಿ ಟಾಪ್ ಡಿಕ್ಕಿಯೊಳಗೆ ಮಡಚಿಕೊಳ್ಳುವ ಮರ್ಸಿಡಿಸ್ ಎಸ್ಎಲ್‌ಕೆಯಂಥ ಕಾರಿದ್ದರೆ, ಟಾಪ್ ತೆರೆದ ಸ್ಥಿತಿಯಲ್ಲಿ ಎಷ್ಟು ಹಿಡಿಸುತ್ತದೋ ಅಷ್ಟು ಮಾತ್ರ ತುಂಬಬೇಕು. ಇದನ್ನು ಮರೆತವರು ಮೂರು ವಾರವೂ ಟಾಪ್ ಮುಚ್ಚಿಕೊಂಡೇ ತಿರುಗುತ್ತಾರೆ.

ಬಟ್ಟೆ ಒಬ್ಬೊಬ್ಬರಿಗೆ ಐದು ದಿನಕ್ಕೆ ಸಾಕು. ಕ್ಯಾಂಪಿಂಗ್ ಜಾಗಗಳಲ್ಲಿ ವಾಷಿಂಗ್ ಮೆಷಿನ್ ಸಿಗುತ್ತದೆ. ಆದರೆ ಬೆಚ್ಚನೆಯ ಬಟ್ಟೆಯಲ್ಲಿ ಜಿಪುಣತನ ಬೇಡ. ಜುಲೈನಲ್ಲೂ ಮೇಲಿನ ಘಾಟಿಗಳಲ್ಲಿ ರಸ್ತೆ ಪಕ್ಕ ಹಿಮ ಇರುತ್ತದೆ. ಉಣ್ಣೆ ಟೋಪಿ, ಗಾಳಿ ತಡೆಯುವ ಜಾಕೆಟ್, ತೆಳು ಗ್ಲೌಸ್ ಕೈಗೆ ಸಿಗುವಂತಿರಲಿ. ಟಾಪ್ ತೆರೆದು ಹೀಟರ್ ಗಾಳಿಯನ್ನು ಕಾಲಿನ ಕಡೆ ತಿರುಗಿಸಿಕೊಂಡರೆ ಹತ್ತು ಡಿಗ್ರಿಯಲ್ಲೂ ಹಾಯಾಗಿ ಹೋಗಬಹುದು. ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ. ತಣ್ಣನೆ ಗಾಳಿಯಲ್ಲಿ ಬಿಸಿಲು ಸುಡುವುದು ಸಂಜೆವರೆಗೆ ಗೊತ್ತಾಗುವುದಿಲ್ಲ.

ಊರಿಂದ ಬರುವವರಿಗೆ ಒಂದು ಮಾತು. ತುಪ್ಪ, ಪೇಡದಂಥ ಹಾಲಿನ ಪದಾರ್ಥವನ್ನೂ ಮಾಂಸವನ್ನೂ ಭಾರತದಿಂದ ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ. ಚಟ್ನಿಪುಡಿ, ಗೊಜ್ಜವಲಕ್ಕಿ ಮಿಕ್ಸ್‌ಗೆ ತೊಂದರೆಯಿಲ್ಲ. ಜಾಗವೂ ಕಡಿಮೆ ತಿನ್ನುತ್ತವೆ.

5. ಟೋಲ್, ಹಡಗು, ದುಡ್ಡು

ಯೂರೊ ಜರ್ಮನಿಗೇ ಮುಗಿಯಿತು. ಮುಂದಿನ ಮೂರೂ ದೇಶಗಳಲ್ಲಿ ಕ್ರೋನ್, ಅದೂ ಮೂರು ಬೇರೆ ಬೇರೆ ಕ್ರೋನ್. ನೋಟು ಮಾಡಿಸಿಕೊಳ್ಳುವ ಗೋಜಿಗೇ ಹೋಗಬೇಡಿ. ಸ್ವೀಡನ್‌ನಲ್ಲಂತೂ ನೋಟು ಕೊಟ್ಟರೆ ಬೇಡ ಎನ್ನುವ ಅಂಗಡಿಗಳೇ ಜಾಸ್ತಿ. ಪಿನ್ ಇರುವ ಎರಡು ಕಾರ್ಡ್ ಇಟ್ಟುಕೊಳ್ಳಿ. ಪೆಟ್ರೋಲ್ ಬಂಕ್‌ಗಳು ಬಹಳ ಕಡೆ ಆಳಿಲ್ಲದವು. ಮೊದಲು ಕಾರ್ಡ್ ಹಾಕಿ ಪಿನ್ ಒತ್ತಬೇಕು, ಅದು ದೊಡ್ಡ ಮೊತ್ತವೊಂದನ್ನು ತಾತ್ಕಾಲಿಕವಾಗಿ ಹಿಡಿದಿಟ್ಟುಕೊಂಡು ಆಮೇಲೆ ಬಿಡುತ್ತದೆ. ಡೆಬಿಟ್ ಕಾರ್ಡಿನಲ್ಲಿ ಕಡಿಮೆ ದುಡ್ಡಿದ್ದರೆ ಇಲ್ಲಿ ಒದ್ದಾಟ. ಟ್ಯಾಂಕ್ 45 ಲೀಟರ್, 100 ಕಿ.ಮೀ.ಗೆ ಆರೇಳು ಲೀಟರ್ ಕುಡಿಯುತ್ತದೆ. ಅರ್ಧಕ್ಕೆ ಬಂದಾಗ ತುಂಬಿಸುವ ಅಭ್ಯಾಸ ಮಾಡಿಕೊಳ್ಳಿ. ಹಳೆ ಕಾರಾದರೆ ಇ10 ಪೆಟ್ರೋಲ್, ಅಂದರೆ ಶೇಕಡ 10ರವರೆಗೆ ಎಥನಾಲ್ ಬೆರೆಸಿದ್ದು, ಹಿಡಿಸುತ್ತದಾ ಎಂದು ಕೈಪಿಡಿಯಲ್ಲಿ ನೋಡಿ.

ಡೆನ್ಮಾರ್ಕ್‌ನಲ್ಲಿ ಎರಡು ದೊಡ್ಡ ಸೇತುವೆಗಳಿಗೆ ಟೋಲ್. ಒಂದು ಸ್ಟೋರೆಬೆಲ್ಟ್, 18 ಕಿ.ಮೀ. ಇನ್ನೊಂದು ಸ್ವೀಡನ್‌ಗೆ ದಾಟುವ ಓರೆಸುಂಡ್, 2000ದಲ್ಲಿ ತೆರೆದದ್ದು. ಓರೆಸುಂಡ್‌ಗೆ ಮೊದಲೇ ಆನ್‌ಲೈನ್‌ನಲ್ಲಿ ಟಿಕೆಟ್ ಮಾಡಿದರೆ ಅಗ್ಗ.

ನಾರ್ವೆಯಲ್ಲಿ ಟೋಲ್ ಗೇಟೇ ಇಲ್ಲ. ಮೇಲೆ ಕ್ಯಾಮೆರಾ, ಅದು ನಂಬರ್ ಪ್ಲೇಟ್ ಓದುತ್ತದೆ, ನೀವು ನಿಲ್ಲಿಸಬಾರದು. ಆಟೋಪಾಸ್ ಎಂದು ಈ ವ್ಯವಸ್ಥೆಯ ಹೆಸರು. ಹೊರಡುವ ಮುಂಚೆ ಇಪಾಸ್24 ಜಾಲತಾಣದಲ್ಲಿ ನಂಬರ್ ನೋಂದಾಯಿಸಿದರೆ ಬಿಲ್ ಇಮೇಲ್‌ಗೆ ಬರುತ್ತದೆ. ಇಲ್ಲದಿದ್ದರೆ ಮನೆ ವಿಳಾಸಕ್ಕೆ ಕಾಗದ ಬರುತ್ತದೆ, ಅದೂ ನಿಧಾನಕ್ಕೆ. ಬ್ರೋಬಿಜ್ ಎಂಬ ಪುಟ್ಟ ಡಬ್ಬಿಯನ್ನು ಗಾಜಿಗೆ ಅಂಟಿಸಿಕೊಂಡರೆ ಡೆನ್ಮಾರ್ಕ್‌ನ ಸೇತುವೆಗಳಿಗೂ ನಾರ್ವೆಗೂ ಅದೊಂದೇ ಸಾಕು. ಬಾಡಿಗೆ ಕಾರಿಗೆ ಕಂಪನಿಯವರೇ ಕಟ್ಟಿ, ಪ್ರತಿ ಬಿಲ್ಲಿಗೂ ತಮ್ಮ ಸೇವಾ ಶುಲ್ಕ ಸೇರಿಸುವುದುಂಟು. ಮೊದಲೇ ಕೇಳಿಕೊಳ್ಳಿ. ಸ್ವೀಡನ್‌ನ ಗೋಥೆನ್‌ಬರ್ಗ್ ನಗರದೊಳಗೆ ವಾರದ ದಿನಗಳಲ್ಲಿ ಸಂಚಾರ ತೆರಿಗೆ ಇದೆ, ಶನಿವಾರ ಭಾನುವಾರ ಇಲ್ಲ.

ಹಡಗು ಹತ್ತುವಾಗ ನಿಮ್ಮ ಕಾರಿನ ತಳ ನೆಲಕ್ಕೆ ಹತ್ತಿರ ಎಂದು ಅಲ್ಲಿ ನಿಂತವರಿಗೆ ಹೇಳಿ. ಒಳಗಿನ ಕಡಿದಾದ ಇಳಿಜಾರಿಗೆ ಕಳಿಸದೆ ಬೇರೆ ಸಾಲಿಗೆ ಹಾಕುತ್ತಾರೆ. ರ‍್ಯಾಂಪ್ ಮೇಲೆ ನಡಿಗೆಯ ವೇಗದಲ್ಲಿ ಹೋಗಿ. ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆದು, ಗೇರ್‌ನಲ್ಲಿಟ್ಟು, ಕಳ್ಳರ ಅಲಾರಂ ಆಫ್ ಮಾಡಿ. ಇಲ್ಲದಿದ್ದರೆ ಹಡಗು ತೂಗಿದಾಗಲೆಲ್ಲ ಕೂಗುತ್ತದೆ. ಹಡಗು ಹೊರಟ ಮೇಲೆ ಕಾರಿನ ಹತ್ತಿರ ಬಿಡುವುದಿಲ್ಲ, ಬೇಕಾದ್ದನ್ನು ಮೊದಲೇ ಕೈಯಲ್ಲಿ ಹಿಡಿದುಕೊಳ್ಳಿ.

6. ದಾರಿ

ಮ್ಯಾಪ್ ತೋರಿಸುವ ಸಮಯವನ್ನು ನಾರ್ವೆಯಲ್ಲಿ ನಂಬಬೇಡಿ. ಅಲ್ಲಿ ದಿನಕ್ಕೆ 200 ಕಿ.ಮೀ. ಎಂದರೆ ಪೂರ್ತಿ ದಿನ. ಮಿತಿಯೇ 80, ತಿರುವು, ದೋಣಿಗೆ ಕಾಯುವುದು, ನೀವು ನಿಲ್ಲಿಸಿ ಬಾಯಿಬಿಟ್ಟು ನೋಡುವುದು ಎಲ್ಲ ಸೇರಿ ಗಂಟೆಗೆ 50 ದಾಟುವುದು ಕಷ್ಟ.

ಮೊದಲ ಭಾಗ: ಹ್ಯಾಂಬರ್ಗ್‌ನಿಂದ ಓಸ್ಲೊ. ಕೋಪನ್‌ಹೇಗನ್‌ಗೆ ಎರಡು ದಾರಿಗಳಿವೆ. ಪುಟ್‌ಗಾರ್ಡನ್‌ನಿಂದ ರೋಡ್‌ಬಿಗೆ 45 ನಿಮಿಷದ ಹಡಗು, ಇದು ಹತ್ತಿರ. ಇಲ್ಲವೇ ಓಡೆನ್ಸ ಮೂಲಕ ಸ್ಟೋರೆಬೆಲ್ಟ್ ಸೇತುವೆ, ಇದು ಸುತ್ತು. ಆರಾಮಾಗಿ ಹೋಗುವವರು ಸುತ್ತು ದಾರಿಯಲ್ಲೇ ಹೋಗಿ, ಓಡೆನ್ಸದಲ್ಲಿ ಒಂದು ರಾತ್ರಿ ಉಳಿಯಿರಿ. ಸೇತುವೆ ಮೇಲೆ ಗಾಳಿ ಜೋರು, ಹಗುರ ಕಾರನ್ನು ಪಕ್ಕಕ್ಕೆ ತಳ್ಳುತ್ತದೆ. ಟಾಪ್ ಮುಚ್ಚಿ.

ಓರೆಸುಂಡ್ ದಾಟಿ ಮಾಲ್ಮೊ ಸೇರಿದ ಮೇಲೆ ಹೆದ್ದಾರಿಯಲ್ಲಿ ಗೋಥೆನ್‌ಬರ್ಗ್‌ವರೆಗೆ ವಿಶೇಷ ಏನಿಲ್ಲ. ಅಲ್ಲಿಂದ ಉತ್ತರಕ್ಕೆ ಬೋಹುಸ್ಲೇನ್ ಕರಾವಳಿ ಶುರು. ಇ6 ಹೆದ್ದಾರಿ ಬಿಟ್ಟು ಸಮುದ್ರದ ಕಡೆ ಇಳಿಯಿರಿ. ನುಣುಪಾದ ಗ್ರಾನೈಟ್ ಬಂಡೆಗಳು, ಮೀನುಗಾರರ ಕೆಂಪು ಮರದ ಮನೆಗಳು. ಸ್ಮೋಗೆನ್ ಅಥವಾ ಫ್ಯೆಲ್‌ಬಕಾದಲ್ಲಿ ಎರಡು ರಾತ್ರಿ ಇಡಿ. ಪುಟ್ಟ ಕಾರಿಗೆ ಹೇಳಿ ಮಾಡಿಸಿದ ರಸ್ತೆಗಳು ಇಲ್ಲಿವೆ, ಜನ ಮಾತ್ರ ಅವಸರದಲ್ಲಿ ಓಸ್ಲೊಗೆ ಓಡುತ್ತಾರೆ.

ಎರಡನೇ ಭಾಗ: ಓಸ್ಲೊದಿಂದ ಸೋಗ್ನೆ ಫಿಯಾರ್ಡ್. 7ನೇ ನಂಬರ್ ರಸ್ತೆ ಹಿಡಿದು ಗೈಲೊದಲ್ಲಿ ಉಳಿಯಿರಿ. ಮರುದಿನ ಹಾರ್ಡಾಂಗರ್‌ವಿಡ್ಡ ಎಂಬ ಮರವಿಲ್ಲದ ಎತ್ತರದ ಬಯಲು. ನೇರ ರಸ್ತೆ, ದೊಡ್ಡ ಆಕಾಶ, ಟಾಪ್ ತೆರೆಯಲು ಇದಕ್ಕಿಂತ ಒಳ್ಳೆಯ ಜಾಗ ಬೇಡ. ಬಯಲು ಮುಗಿಯುವಲ್ಲಿ 182 ಮೀಟರ್ ಎತ್ತರದ ವೋರಿಂಗ್ಸ್‌ಫೋಸ್ಸೆನ್ ಜಲಪಾತ. ಕೆಳಗಿಳಿದರೆ ಹಾರ್ಡಾಂಗರ್ ತೂಗುಸೇತುವೆ, ಎರಡು ಕಂಬಗಳ ನಡುವೆಯೇ 1,310 ಮೀಟರ್. ಸುರಂಗದಿಂದ ನೇರ ಸೇತುವೆಗೆ ಬಂದು ಮತ್ತೆ ಸುರಂಗಕ್ಕೆ ಹೋಗುತ್ತೀರಿ. ಸುರಂಗದೊಳಗೇ ನೀಲಿ ಬೆಳಕಿನ ರೌಂಡ್ ಅಬೌಟ್ ಇದೆ, ಗಾಬರಿಯಾಗಬೇಡಿ.

ವೋಸ್ ದಾಟಿ ಔರ್ಲಾಂಡ್ ತಲುಪಿದಾಗ ಒಂದು ತೀರ್ಮಾನ ಮಾಡಬೇಕು. ಲೇರ್ಡಾಲ್‌ಗೆ ಹೋಗಲು ಬೆಟ್ಟದ ಒಳಗಿನಿಂದ ಒಂದು ದಾರಿ, ಮೇಲಿನಿಂದ ಒಂದು. ಒಳಗಿನದು ಲೇರ್ಡಾಲ್ ಸುರಂಗ, 24.5 ಕಿ.ಮೀ., ವಾಹನಗಳು ಓಡುವ ರಸ್ತೆ ಸುರಂಗಗಳಲ್ಲಿ ಜಗತ್ತಿಗೇ ಉದ್ದದ್ದು. ಓಡಿಸುವವರಿಗೆ ಮಂಪರು ಬರದಿರಲಿ ಎಂದು ನಡುವೆ ಮೂರು ಕಡೆ ನೀಲಿ ಬೆಳಕಿನ ಗುಹೆಗಳನ್ನು ಕೊರೆದಿದ್ದಾರೆ. ಮೇಲಿನದು ಔರ್ಲಾಂಡ್ಸ್‌ಫ್ಯೆಲೆ, ಹಿಮದ ರಸ್ತೆ ಎಂದೇ ಹೆಸರು, 47 ಕಿ.ಮೀ. ಹತ್ತುವ ದಾರಿಯಲ್ಲಿ ಸ್ಟೆಗಾಸ್ಟೈನ್ ಎಂಬ ಮರದ ಅಟ್ಟಣಿಗೆ ಫಿಯಾರ್ಡಿನ ಮೇಲೆ 650 ಮೀಟರ್ ಎತ್ತರದಲ್ಲಿ ಚಾಚಿ ನಿಂತಿದೆ. ಮೋಡ ಕವಿದಿದ್ದರೆ ಸುರಂಗದಲ್ಲಿ ಹೋಗಿ, ಮೇಲೆ ಹೋದರೂ ಬಿಳಿ ಮಂಜು ಬಿಟ್ಟು ಏನೂ ಕಾಣುವುದಿಲ್ಲ. ಆಕಾಶ ತಿಳಿಯಾಗಿದ್ದರೆ ಮೇಲಿನ ದಾರಿ ಬಿಡಲೇಬೇಡಿ. ಬೆಳಗ್ಗೆ ಎಂಟರ ಒಳಗೆ ಹತ್ತಿ. ರಸ್ತೆ ಒಂದೂವರೆ ಕಾರಿನಷ್ಟು ಅಗಲ, ಆಮೇಲೆ ಎದುರಿಂದ ವ್ಯಾನುಗಳು ಶುರುವಾಗುತ್ತವೆ.

ಮೂರನೇ ಭಾಗ: ಲೇರ್ಡಾಲ್‌ನಿಂದ ಗೈರಾಂಗರ್. ಫೋಡ್ನೆಸ್‌ನಲ್ಲಿ ಕಾಲು ಗಂಟೆಯ ದೋಣಿ ದಾಟಿ 55ನೇ ನಂಬರ್ ರಸ್ತೆ ಹಿಡಿದರೆ ಸೋಗ್ನೆಫ್ಯೆಲೆ ಘಾಟಿ. 1,434 ಮೀಟರ್, ಉತ್ತರ ಯುರೋಪಿನ ಘಾಟಿ ರಸ್ತೆಗಳಲ್ಲಿ ಇದೇ ಎತ್ತರದ್ದು. ಇಡೀ ಪ್ರವಾಸದಲ್ಲಿ ಓಡಿಸುವ ಖುಷಿಗೆ ನನ್ನ ಮತ ಇದಕ್ಕೇ. ಮುಂದಿನ ಭಾಗದಲ್ಲಿ ಬರುವ ಟ್ರೋಲ್‌ಸ್ಟೀಗನ್ ಘಾಟಿಗೆ ಹೆಸರು ಜಾಸ್ತಿ, ಆದರೆ ಅಲ್ಲಿ ಬಸ್ಸಿನ ಹಿಂದೆ ತೆವಳುತ್ತೀರಿ. ಇಲ್ಲಿ ರಸ್ತೆ ನಿಮ್ಮದು. ಆಚೆ ಬದಿ ಇಳಿದರೆ ಲೋಮ್, ಮರದಿಂದ ಕಟ್ಟಿದ ಮಧ್ಯಯುಗದ ಚರ್ಚ್ ಇರುವ ಊರು. ಅಲ್ಲಿಂದ ಗೈರಾಂಗರ್ ಅರ್ಧ ದಿನ.

ನಾಲ್ಕನೇ ಭಾಗ: ಟ್ರೋಲ್‌ಸ್ಟೀಗನ್ ಮತ್ತು ಸಮುದ್ರದ ರಸ್ತೆ. ಗೈರಾಂಗರ್‌ನಿಂದ ಹನ್ನೊಂದು ತಿರುವು ಹತ್ತಿ, ದೋಣಿ ದಾಟಿದರೆ ಟ್ರೋಲ್‌ಸ್ಟೀಗನ್. ಅಲ್ಲೂ ಹನ್ನೊಂದು ಹೇರ್‌ಪಿನ್ ತಿರುವು, 1936ರಲ್ಲಿ ತೆರೆದದ್ದು. ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ತಿರುವು ಇಳಿಸಿದವರಿಗೆ ಇದು ಕಷ್ಟವಲ್ಲ, ಇಲ್ಲಿ ಕಾಡು ಇಲ್ಲದ್ದರಿಂದ ಎಲ್ಲ ತಿರುವೂ ಒಟ್ಟಿಗೆ ಕಣ್ಣಿಗೆ ಬೀಳುತ್ತದೆ ಅಷ್ಟೇ. ಬಂಡೆ ಉರುಳುವ ಅಪಾಯದಿಂದ 2024ರಲ್ಲಿ ಈ ರಸ್ತೆಯನ್ನು ಸೀಸನ್ ನಡುವೆಯೇ ಮುಚ್ಚಿದ್ದರು. ಹಾಗಾಗಿ ಹಿಂದಿನ ರಾತ್ರಿಯೇ ನಾರ್ವೆ ರಸ್ತೆ ಇಲಾಖೆಯ ಜಾಲತಾಣ ನೋಡಿ. ಮುಚ್ಚಿದ್ದರೆ ವಾಲ್‌ಡಾಲ್‌ನಿಂದ ಶೋಹೋಲ್ಟ್ ಮೂಲಕ ಸುತ್ತಿ ಆಂಡಲ್ಸ್‌ನೆಸ್ ಸೇರಬಹುದು.

ಮೋಲ್ಡೆ ಆಚೆಗಿನ ಅಟ್ಲಾಂಟಿಕ್ ರಸ್ತೆ ಬರೀ 8.3 ಕಿ.ಮೀ., ಎಂಟು ಸೇತುವೆಗಳು. ವಿಡಿಯೊಗಳಲ್ಲಿ ಅಲೆ ರಸ್ತೆಗೇ ಅಪ್ಪಳಿಸುವುದನ್ನು ನೋಡಿ ಬಂದವರಿಗೆ ನಿರಾಸೆ ಆಗುತ್ತದೆ, ಅದೆಲ್ಲ ಬಿರುಗಾಳಿ ಕಾಲದ್ದು. ಎರಡು ವಾರದವರು ಕೈಬಿಡಬೇಕಾದ ಭಾಗ ಇದೇ. ಲೋಮ್‌ನಿಂದಲೇ ಓಟ್ಟಾ ಕಡೆ ತಿರುಗಿದರೆ ಸಾಕು.

ವಾಪಸ್ಸು ಆಂಡಲ್ಸ್‌ನೆಸ್, ಡೋಂಬಾಸ್, ಲಿಲ್ಲೆಹಾಮರ್, ಓಸ್ಲೊ. ಎರಡು ದಿನ ಇಡಿ. ಓಸ್ಲೊದಿಂದ ಕೀಲ್‌ಗೆ ಹಡಗು ಮಧ್ಯಾಹ್ನ ಎರಡಕ್ಕೆ ಹೊರಟು ಮರುದಿನ ಬೆಳಗ್ಗೆ ಹತ್ತಕ್ಕೆ ತಲುಪುತ್ತದೆ. ಬೇಸಿಗೆಯಲ್ಲಿ ಕಾರಿನ ಜಾಗ ಬೇಗ ತುಂಬುವುದರಿಂದ ಮೊದಲು ಬುಕ್ ಮಾಡಬೇಕಾದದ್ದು ಇದನ್ನೇ. ಉಳಿದ ದಿನಗಳನ್ನು ಇದರಿಂದ ಹಿಂದಕ್ಕೆ ಎಣಿಸಿಕೊಂಡು ಬನ್ನಿ.

7. ಓಡಿಸುವಾಗ

ವೇಗದ ಮಿತಿ ಊರೊಳಗೆ ಮೂರೂ ದೇಶಗಳಲ್ಲಿ 50. ಊರಾಚೆ ಡೆನ್ಮಾರ್ಕ್, ನಾರ್ವೆಯಲ್ಲಿ 80, ಸ್ವೀಡನ್‌ನಲ್ಲಿ 70, ಬೇರೆ ಫಲಕ ಇದ್ದರೆ ಅದೇ ಅಂತಿಮ. ನಾರ್ವೆಯಲ್ಲಿ ಸ್ವಲ್ಪ ಮೀರಿದರೂ ದಂಡ ಸಾವಿರಾರು ಕ್ರೋನ್. ಕೆಲವು ಕಡೆ ಎರಡು ಕ್ಯಾಮೆರಾಗಳ ನಡುವಿನ ಸರಾಸರಿ ವೇಗವನ್ನೇ ಅಳೆಯುತ್ತಾರೆ, ಕ್ಯಾಮೆರಾ ಕಂಡಾಗ ಬ್ರೇಕ್ ಒತ್ತಿ ಪ್ರಯೋಜನವಿಲ್ಲ. ಡೆನ್ಮಾರ್ಕ್ 2021ರಿಂದ ಇನ್ನೂ ಕಠಿಣ. ಗಂಟೆಗೆ 200 ದಾಟಿದರೆ, ಅಥವಾ 100ಕ್ಕಿಂತ ಜಾಸ್ತಿ ವೇಗದಲ್ಲಿ ಮಿತಿಯ ಎರಡರಷ್ಟನ್ನೂ ಮೀರಿದರೆ ಕಾರನ್ನೇ ಮುಟ್ಟುಗೋಲು ಹಾಕಬಹುದು. ಕಾರು ನಿಮ್ಮದೋ ಬಾಡಿಗೆಯದೋ ಎಂದು ನೋಡುವುದಿಲ್ಲ.

ಕುಡಿತದ ಮಿತಿ ನಾರ್ವೆ, ಸ್ವೀಡನ್‌ನಲ್ಲಿ ರಕ್ತದಲ್ಲಿ ಸಾವಿರಕ್ಕೆ 0.2. ಒಂದು ಬಿಯರ್ ಕೂಡ ಬೇಡ ಎಂದೇ ತಿಳಿಯಿರಿ.

ಹಗಲಲ್ಲೂ ಹೆಡ್‌ಲೈಟ್ ಹಾಕಿಕೊಂಡೇ ಹೋಗಬೇಕು. ಕೆಲವು ಕಾರುಗಳ ಹಗಲು ದೀಪ ಮುಂದೆ ಮಾತ್ರ ಉರಿಯುತ್ತದೆ, ಹಿಂದೆ ಕತ್ತಲು. ಸ್ವಿಚ್ಚನ್ನು ಕೈಯಿಂದಲೇ ಲೋ ಬೀಮ್‌ಗೆ ಹಾಕಿಬಿಡಿ.

ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ನೀವು ಹಳದಿ ವಜ್ರಾಕಾರದ ಫಲಕ ಇರುವ ಮುಖ್ಯ ರಸ್ತೆಯಲ್ಲಿ ಇಲ್ಲದಿದ್ದರೆ ಸಣ್ಣ ಓಣಿಯಿಂದ ಬರುವ ಕಾರಿಗೂ ಬಿಟ್ಟುಕೊಡಬೇಕು. ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲೇ. ಕೋಪನ್‌ಹೇಗನ್‌ನಲ್ಲಿ ಬಲಕ್ಕೆ ತಿರುಗುವಾಗ ಹಿಂದಿನಿಂದ ಸೈಕಲ್‌ಗಳು ನೇರ ಬರುತ್ತವೆ, ಅವರಿಗೇ ಮೊದಲು ದಾರಿ. ಟಾಪ್ ಮುಚ್ಚಿದ ಪುಟ್ಟ ಕಾರಿನಲ್ಲಿ ಆ ಮೂಲೆ ಏನೂ ಕಾಣುವುದಿಲ್ಲ. ಕತ್ತು ತಿರುಗಿಸಿ ನೋಡಿ, ಕನ್ನಡಿ ಸಾಲದು.

ಕಿರಿದಾದ ರಸ್ತೆಯಲ್ಲಿ ನೀಲಿ ಫಲಕದ ಮೇಲೆ ಬಿಳಿ 'ಎಂ' ಅಕ್ಷರ ಕಂಡರೆ ಅದು ಎದುರು ವಾಹನಕ್ಕೆ ದಾರಿ ಬಿಡುವ ಜಾಗ. ಅಲ್ಲಿ ಕಾರು ನಿಲ್ಲಿಸಿ ಫೋಟೊ ತೆಗೆಯಬೇಡಿ. ಹಿಂದೆ ಸ್ಥಳೀಯರ ಕಾರು ಬಂದರೆ ಬದಿಗೆ ಸರಿದು ಬಿಟ್ಟುಬಿಡಿ, ಸ್ಪೋರ್ಟ್ಸ್ ಕಾರಿನವರು ಎಂಬ ಹಮ್ಮು ಬೇಡ. ಇಳಿಯುವಾಗ ಎರಡನೇ ಗೇರ್‌ನಲ್ಲಿ ಎಂಜಿನ್ನೇ ಹಿಡಿಯಲಿ, ಬ್ರೇಕ್ ಮೇಲೆ ಕಾಲು ಇಟ್ಟುಕೊಂಡೇ ಹೋದರೆ ಕಾದು ಕೈಕೊಡುತ್ತದೆ.

ಸುರಂಗಕ್ಕೆ ಮೊದಲು ಟಾಪ್ ಮುಚ್ಚಿ. ಹೊಗೆ, ಸದ್ದು, ಚಳಿ ಮೂರೂ ಒಟ್ಟಿಗೆ ಬಡಿಯುತ್ತವೆ. ಒಳಗೆ ಕುರಿಗಳು ತಂಪಿಗೆ ಮಲಗಿರುವುದೂ ಉಂಟು.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಎಲ್ಕ್. ಕುದುರೆಗಿಂತ ದೊಡ್ಡ ಜಿಂಕೆ ಜಾತಿಯ ಪ್ರಾಣಿ, ಕಾಲು ಉದ್ದ. ತಗ್ಗಿನ ಕಾರು ಅದಕ್ಕೆ ಗುದ್ದಿದರೆ ಕಾಲಿಗೆ ಹೊಡೆದು ಇಡೀ ದೇಹ ಗಾಜಿನ ಮೇಲೆ, ಟಾಪ್ ಮೇಲೆ ಬೀಳುತ್ತದೆ. ಬಟ್ಟೆ ಟಾಪ್ ಇರುವವರು ಇದನ್ನು ತಮಾಷೆ ಎಂದುಕೊಳ್ಳಬೇಡಿ. ಮುಂಜಾನೆ, ಮುಸ್ಸಂಜೆ ಕಾಡಿನ ರಸ್ತೆಯಲ್ಲಿ ಓಡಿಸಬೇಡಿ, ಓಡಿಸಲೇಬೇಕಾದರೆ 60 ಮೀರಬೇಡಿ. ಗುದ್ದಿದರೆ ಪ್ರಾಣಿ ಓಡಿಹೋದರೂ ಪೊಲೀಸರಿಗೆ ತಿಳಿಸಬೇಕು. ಮೂರೂ ದೇಶಗಳಲ್ಲಿ ಪೊಲೀಸ್ ನಂಬರ್ 112. ನಾರ್ವೆಯಲ್ಲಿ ಆಂಬುಲೆನ್ಸ್‌ಗೆ ಮಾತ್ರ ಬೇರೆ, 113.

8. ಊಟ, ವಸತಿ

ನಾರ್ವೆಯಲ್ಲಿ ಹೋಟೆಲಿಗಿಂತ ಹಿಟ್ಟೆ ನೋಡಿ. ಕ್ಯಾಂಪಿಂಗ್ ಜಾಗಗಳಲ್ಲಿ ಸಿಗುವ ಪುಟ್ಟ ಮರದ ಮನೆ ಅದು, ಒಳಗೆ ಸಣ್ಣ ಅಡುಗೆ ಒಲೆ. ಹಾಸಿಗೆ ಬಟ್ಟೆಗೆ ಬೇರೆ ದುಡ್ಡು ಕೇಳುತ್ತಾರೆ, ಎರಡು ತೆಳು ಬೆಡ್‌ಶೀಟ್ ಒಯ್ದರೆ ಉಳಿತಾಯ. ಸಸ್ಯಾಹಾರಿಗಳಿಗೆ ಹಳ್ಳಿ ಹೋಟೆಲುಗಳಲ್ಲಿ ಆಯ್ಕೆ ಕಡಿಮೆ. ಕಿವಿ, ರೆಮಾ 1000 ಅಂಗಡಿಗಳಲ್ಲಿ ಅಕ್ಕಿ, ಮೊಸರು, ತರಕಾರಿ ಕೊಂಡು ನೀವೇ ಬೇಯಿಸಿಕೊಳ್ಳಿ. ಭಾನುವಾರ ನಾರ್ವೆಯಲ್ಲಿ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಎರಡು ದಿನದ್ದು ಕೊಂಡಿಡಿ.

ಡೆನ್ಮಾರ್ಕ್, ಸ್ವೀಡನ್‌ನ ಎಷ್ಟೋ ಕಡೆ ಪಾರ್ಕಿಂಗ್‌ಗೆ ಗಡಿಯಾರದ ಚಿತ್ರದ ಬಿಲ್ಲೆ ಬೇಕು. ಬಂದ ಸಮಯಕ್ಕೆ ತಿರುಗಿಸಿ ಗಾಜಿನ ಹಿಂದೆ ಇಡಬೇಕು. ಟಾಪ್ ತೆರೆದು ಬಿಟ್ಟರೆ ಗಾಳಿಗೆ ಹಾರಿಹೋಗುತ್ತದೆ, ಅಂಟಿಸುವಂಥದ್ದು ಕೊಳ್ಳಿ. ರಾತ್ರಿ ಕಾರಿನಲ್ಲಿ ಏನೂ ಬಿಡಬೇಡಿ. ಬಟ್ಟೆ ಕೊಯ್ದರೆ ಆಗುವ ಖರ್ಚಿನ ಮುಂದೆ ಕದ್ದ ಜಾಕೆಟ್ ಏನೂ ಅಲ್ಲ.

9. ಮನೆಗೆ ಬಂದ ಮೇಲೆ

ಟಾಪ್ ಒದ್ದೆ ಇದ್ದರೆ ಮಡಚಿಡಬೇಡಿ, ಬೂಸಲು ಹಿಡಿಯುತ್ತದೆ. ಮುಚ್ಚಿದ ಸ್ಥಿತಿಯಲ್ಲೇ ಎರಡು ದಿನ ಒಣಗಲಿ. ಟೈರಿನ ಪಕ್ಕಗಳನ್ನು ಕೈಯಾಡಿಸಿ ನೋಡಿ. ಕಲ್ಲು ತಗುಲಿದ ಉಬ್ಬು ಇದ್ದರೆ ಹೆದ್ದಾರಿಗೆ ಹೋಗುವ ಮೊದಲೇ ಬದಲಿಸಿ.

ಟೋಲ್ ಬಿಲ್ಲುಗಳು ತಿಂಗಳುಗಟ್ಟಲೆ ಬರುತ್ತಲೇ ಇರುತ್ತವೆ. ನಾರ್ವೇಜಿಯನ್ ಭಾಷೆಯ ಕಾಗದ ಬಂದರೆ ಜಾಹೀರಾತು ಎಂದುಕೊಂಡು ಎಸೆಯಬೇಡಿ. ಗಡುವು ಮೀರಿದರೆ ಶುಲ್ಕ ಸೇರುತ್ತದೆ. ಈ ನಡುವೆ ಮನೆ ಬದಲಿಸಿದ್ದರೆ ಕಾರಿನ ನೋಂದಣಿಯಲ್ಲಿ ಹೊಸ ವಿಳಾಸ ಹಾಕಿಸಿ, ಬಿಲ್ಲು ಬರುವುದು ಅದೇ ವಿಳಾಸಕ್ಕೆ.